ಕಮ್ಚಟ್ಕಾ ಮೇಷ್ಟರ ಫಜೀತಿ

ಕೆಲವರಿಗೆ ಬಸ್ಸು ಹತ್ತಿದರೆ ವಾಂತಿ, ಕೆಲವರಿಗೆ ಬದನೆಕಾಯಿ ತಿಂದರೆ ಮೈ ಕೆರೆತ. ನನಗೆ ಬಾಯಿ ಬಿಟ್ಟರೆ ಎಡವಟ್ಟು. ಇದು ಒಂದು ಸಲ ಎರಡು ಸಲದ ಮಾತಲ್ಲ, ಮೇಷ್ಟ್ರಾದ ದಿನದಿಂದ ಹಿಂಗೇ ನಡೆದುಕೊಂಡು ಬಂದಿದೆ. ಅದರಲ್ಲೂ ನಾನು ಕಣ್ಣಾರೆ ಕಾಣದ ಒಂದು ಸೀಮೆಯ ದೆಸೆಯಿಂದ ಪಟ್ಟ ಪಾಡು ಇದೆಯಲ್ಲ, ಅದನ್ನು ನೆನೆಸಿಕೊಂಡರೆ ಈಗಲೂ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ಗೊತ್ತಾಗುವುದಿಲ್ಲ.

೧. ಒಂದೇ ಸಾಲಿನ ಪಾಠ

ನಾನು ಹೊಳಲ್ಕೆರೆ ತಾಲೂಕಿನ ತಾಳ್ಯದವನು. ಕೆಲಸ ಸಿಕ್ಕಿದ್ದು ಹಿರಿಯೂರು ತಾಲೂಕಿನಲ್ಲಿ, ಬಬ್ಬೂರು ದಾಟಿ ಒಳಗೆ ಹೋದರೆ ಸಿಗುವ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ. ಸಮಾಜ ವಿಜ್ಞಾನದ ಮೇಷ್ಟ್ರು. ಊರಲ್ಲಿ ಅರ್ಧ ಜನ ಕುರಿ ಕಾಯುವವರು, ಇನ್ನರ್ಧ ಹೊಲ ಮಾಡುವವರು. ಸೇರಿದ ವಾರವೇ ಜ್ವಾಲಾಮುಖಿಯ ಪಾಠ ಬಂತು. ಬೆಂಕಿ ಉಗುಳುವ ಬೆಟ್ಟಗಳು ಎಲ್ಲೆಲ್ಲಿ ಇವೆ ಎಂಬ ಪಟ್ಟಿಯಲ್ಲಿ ‘ಕಮ್ಚಟ್ಕಾ ಪರ್ಯಾಯ ದ್ವೀಪ’ ಅಂತ ಒಂದೇ ಒಂದು ಸಾಲು. ಭೂಪಟದಲ್ಲಿ ರಷ್ಯಾದ ಪೂರ್ವದ ತುದಿಗೆ ಜೋತುಬಿದ್ದಿರುವ ಆ ಜಾಗವನ್ನು ಕೋಲಿನಿಂದ ತೋರಿಸಿ, ಮೂರು ಕಡೆ ಸಮುದ್ರ, ಒಂದು ಕಡೆ ನೆಲ ಅಂತ ಹೇಳಿ ಮುಂದಕ್ಕೆ ಹೋಗುವವನಿದ್ದೆ. ಮೊದಲ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಸಾರ್, ಅಲ್ಲಿ ಜನ ಇರ್ತಾರಾ?”

ನನಗೇನು ಗೊತ್ತು? ಆದರೆ ಹೊಸ ಮೇಷ್ಟ್ರು, ಮುಂದೆ ನಲವತ್ತು ಮಕ್ಕಳು, ಗೊತ್ತಿಲ್ಲ ಅಂತ ಹೇಗೆ ಹೇಳಲಿ? “ಇರ್ತಾರೆ ಕಣಮ್ಮ” ಅಂದೆ.

“ಮತ್ತೆ ಬೆಂಕಿ ಬೆಟ್ಟದ ಪಕ್ಕ ಹೆಂಗೆ ಬದುಕ್ತಾರೆ ಸಾರ್?”

ಅಲ್ಲಿಂದ ಶುರುವಾಯಿತು ನೋಡಿ. ಆ ಊರುಗಳಿಗೆ ರಸ್ತೆಯೇ ಇಲ್ಲ, ವಿಮಾನದಲ್ಲೇ ಹೋಗಬೇಕು ಅಂದೆ. ಇದನ್ನು ಎಲ್ಲೋ ಓದಿದ್ದೆ. ಅಲ್ಲಿ ಯಾರೂ ಬೇಸಾಯ ಮಾಡುವುದಿಲ್ಲ ಅಂದೆ. ಇದು ಒಂದು ಹಳೇ ಗೈಡಿನಲ್ಲಿ ಇತ್ತು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರೆ ಯಾವ ಮೇಷ್ಟ್ರು ನಿಲ್ಲಿಸುತ್ತಾನೆ? ಹಿಮ ಬಿದ್ದು ಬಾಗಿಲು ಮುಚ್ಚಿ ಹೋಗುತ್ತೆ, ಅದಕ್ಕೇ ಜನ ಸೂರಿನಿಂದ ಏಣಿ ಇಳಿದು ಮನೆಯೊಳಕ್ಕೆ ಬರ್ತಾರೆ ಅಂದೆ. ನೆಲದಿಂದ ಕುದಿವ ನೀರು ಉಕ್ಕುತ್ತೆ, ಅದರಲ್ಲೇ ಅಡುಗೆ ಅಂದೆ. ಹೆಂಗಸರು ಬೆಟ್ಟದ ಹೊಗೆ ನೋಡಿ ಬಟ್ಟೆ ಒಣಗಿಸಬೇಕೋ ಬೇಡವೋ ಅಂತ ತೀರ್ಮಾನ ಮಾಡ್ತಾರೆ ಅಂದೆ. ಕರಡಿಗಳು ಮೀನಿಗಾಗಿ ಹೊಳೆ ದಂಡೆಯಲ್ಲಿ ರೇಷನ್ ಅಂಗಡಿಯ ಥರ ಸಾಲುಗಟ್ಟಿ ನಿಂತಿರ್ತವೆ ಅಂದೆ. ಆ ಜನ ನಮ್ಮ ಬಿಸಿಲಿಗೆ ಬಂದರೆ ಕರಗಿಯೇ ಹೋಗ್ತಾರೆ ಅಂತಲೂ ಅಂದುಬಿಟ್ಟೆ.

ವರ್ಷಾವರ್ಷ ಹೊಸ ಮಕ್ಕಳು, ಅದೇ ಪಾಠ, ಅದಕ್ಕೆ ಒಂದೊಂದು ಹೊಸ ಒಗ್ಗರಣೆ. ಒಮ್ಮೆ ಇನ್ಸ್‌ಪೆಕ್ಟರು ಬಂದು ನಮ್ಮ ರಾಜ್ಯದ ನದಿಗಳ ಹೆಸರು ಕೇಳಿದರು. ತರಗತಿ ಪಿಟಿಕ್ಕೆನ್ನಲಿಲ್ಲ. ಅವರಿಗೆ ಏನನ್ನಿಸಿತೋ, ಕಮ್ಚಟ್ಕಾ ಎಲ್ಲಿದೆ ಅಂದರು. ನಲವತ್ತು ಮಕ್ಕಳೂ ಎದ್ದು ನಿಂತು ಕರಡಿ, ಏಣಿ, ಹೊಗೆ ಅಂತ ಅರ್ಧ ಗಂಟೆ ಒದರಿದವು. ಹೋಗುವಾಗ ಭೇಟಿ ಪುಸ್ತಕದಲ್ಲಿ ಅವರು ಬರೆದದ್ದು ಇಷ್ಟು: “ಮಕ್ಕಳಿಗೆ ಕಮ್ಚಟ್ಕಾ ಚೆನ್ನಾಗಿ ಗೊತ್ತಿದೆ. ಸಮಯ ಸಿಕ್ಕಾಗ ಕರ್ನಾಟಕದ ಬಗ್ಗೆಯೂ ಹೇಳಿಕೊಡಿ.”

ಅವತ್ತಿನಿಂದ ನಾನು ಊರಿಗೆಲ್ಲ ಕಮ್ಚಟ್ಕಾ ಮೇಷ್ಟ್ರು.

೨. ಸಿಹಿ ಸುದ್ದಿ

ಆ ಮೊದಲ ಬೆಂಚಿನ ಹುಡುಗಿ ಬೆಳೆದು ಮದುವೆಯಾಗಿ, ಈಗ ನಮ್ಮ ಗ್ರಾಮ ಪಂಚಾಯ್ತಿಗೆ ಅಧ್ಯಕ್ಷೆ. ಹೋದ ವರ್ಷ ಒಂದು ಬೆಳಿಗ್ಗೆ ಸ್ಕೂಟಿಯಲ್ಲಿ ನಮ್ಮ ಮನೆ ಮುಂದೆ ಬಂದು ಇಳಿದಳು.

“ಸಾರ್, ಸಿಹಿ ಸುದ್ದಿ! ದನ, ಕುರಿ ಸಾಕೋರ ಸಂಘದೋರು ಬೇರೆ ಬೇರೆ ದೇಶದಿಂದ ಸಾಕೋ ಮನೆತನದ ಹೆಣ್ಮಕ್ಕಳನ್ನ ಕರೆಸ್ತಾ ಅವ್ರೆ. ಒಂದೊಂದು ಊರಿಗೆ ಒಬ್ಬೊಬ್ರು, ಆರು ದಿನ. ನಮ್ಮೂರಿಗೆ ಯಾರು ಬರ್ತಾರೆ ಹೇಳ್ರಿ ನೋಡಾಣ?”

“ಯಾರಮ್ಮ?”

“ಪಟ್ಟಿಯಾಗೆ ಕಮ್ಚಟ್ಕಾ ಅಂತ ಇತ್ತು ಸಾರ್! ಜಗಳ ಆಡಿ ನಮ್ಮೂರಿಗೆ ಹಾಕಿಸ್ಕಂಡೆ.”

ಅಧ್ಯಕ್ಷೆ ಬ್ಯಾಗಿನಿಂದ ಒಂದು ಹಳೇ ನೋಟ್ ಬುಕ್ ತೆಗೆದಳು. ರಟ್ಟು ಕಿತ್ತು ಹೋಗಿತ್ತು, ಒಳಗಿನ ಅಕ್ಷರ ಮಾತ್ರ ಮುತ್ತಿನಂಗೆ.

“ನೀವು ಹೇಳಿದ್ದು ಒಂದೂ ಬಿಡದಂಗೆ ಬರ್ಕಂಡಿದ್ದೆ ಸಾರ್. ಐದನೇ ದಿನ ಶಾಲೆ ಬಯಲಾಗೆ ಸನ್ಮಾನ ಇಟ್ಕಂಡಿದ್ದೀವಿ. ಸ್ಟೇಜಿನ ಮ್ಯಾಲೆ ಇದನ್ನ ಒಂದೊಂದಾಗಿ ಅವರ ಬಾಯಾಗೇ ಕೇಳ್ತೀನಿ. ನಮ್ಮ ಮೇಷ್ಟ್ರು ಹೇಳಿದ್ದು ಅಷ್ಟೂ ಖರೆ ಅಂತ ಸುತ್ತ ಏಳು ಹಳ್ಳಿಗೂ ಗೊತ್ತಾಗ್ಲಿ.”

ಅವಳ ಕಣ್ಣಲ್ಲಿ ಇದ್ದದ್ದು ಭಕ್ತಿ. ಕೇಡು ಬಗೆಯುವವರಾದರೆ ಹೇಗಾದರೂ ಎದುರಿಸಬಹುದು, ಭಕ್ತಿಯನ್ನು ಎದುರಿಸುವುದು ಹೇಗೆ? ಊರಿನ ಅಂಗಡಿಯವನು, ಹಾಲಿನ ಡೈರಿಯವನು, ಹಿರಿಯೂರು ಬಸ್ಸಿನ ಕಂಡಕ್ಟರು, ಎಲ್ಲರೂ ನನ್ನ ಕೈಲಿ ಕಮ್ಚಟ್ಕಾ ಕಲಿತವರೇ. ಅಷ್ಟೂ ಜನರ ಮುಂದೆ ಇಪ್ಪತ್ತನಾಲ್ಕು ವರ್ಷದ ಮರ್ಯಾದೆ ಬಯಲಿಗೆ ಬೀಳುವುದಿತ್ತು.

ನನ್ನ ಹೆಂಡತಿ ಹೊಸದುರ್ಗದ ಕಡೆಯವಳು, ಮಾತು ನೇರ. “ಸುಮ್ನೆ ರಜಾ ಹಾಕಿ ತಾಳ್ಯಕ್ಕೆ ಹೋಗ್ರಿ. ಆ ಕಮ್ಚಟ್ಕಾದೋಳು ಹೋದ ಮ್ಯಾಲೆ ಬರ್ರಿ” ಅಂದಳು. ಚೀಟಿ ಬರೆದು ಹೆಡ್ ಮೇಷ್ಟ್ರ ಮುಂದೆ ಇಟ್ಟೆ. ದಿನಾ ಚಿತ್ರದುರ್ಗದಿಂದ ಬಸ್ಸಿನಲ್ಲಿ ಬಂದು ಹೋಗುವ ಮನುಷ್ಯ, ತಾನೇ ವಾರಕ್ಕೊಂದು ದಿನ ರಜೆ. ಚೀಟಿ ನೋಡಿ ಕನ್ನಡಕ ಕೆಳಗಿಳಿಸಿದರು.

“ಏನ್ರಿ ಇದು? ಜಿಲ್ಲೆಗೆಲ್ಲಾ ಕಮ್ಚಟ್ಕಾ ಗೊತ್ತಿರೋರು ನೀವೊಬ್ರೇ. ಕಮ್ಚಟ್ಕಾದೋರೇ ಬರೋವಾಗ ನಿಮ್ಗೆ ರಜಾ ಕೊಟ್ರೆ ನಾನೇನು ಕರಡಿ ಸಾಲು ಎಣಿಸ್ಲಾ?”

ಅವರೂ ನನ್ನ ಪಾಠ ಕಿಟಕಿಯಿಂದ ಕೇಳಿದ್ದಾರೆ ಅಂತ ಅವತ್ತು ಗೊತ್ತಾಯಿತು.

೩. ಐಸಿನ ಕೋಣೆ

ಹಿರಿಯೂರಿನಲ್ಲಿ ಕಾರಿನಿಂದ ಇಳಿದ ಹೆಂಗಸಿಗೆ ಅರವತ್ತರ ಹತ್ತಿರ ವಯಸ್ಸು. ಗಿಡ್ಡ ಆಳು, ಗಟ್ಟಿ ಮೈ, ನಗುವ ಕಣ್ಣು. ಹಿಮಸಾರಂಗ ಸಾಕುವ ಮನೆತನದವರು ಅಂತ ಮಾತ್ರ ನಮಗೆ ಹೇಳಿದ್ದರು. ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲ, ಊರು ಸೇರುವಷ್ಟರಲ್ಲಿ ಅವರು ಕಮ್ಚಟ್ಕಮ್ಮ ಆಗಿದ್ದರು. ಜೊತೆಗೆ ರಷ್ಯನ್ ಬಲ್ಲ ಒಬ್ಬ ದುಭಾಷಿ ಬಂದಿದ್ದ. ಸರ್ಕಲ್ಲಿನಲ್ಲಿ ಇಳಿದವನೇ ಆಸೆಯಿಂದ ಆರು ಮೆಣಸಿನಕಾಯಿ ಬಜ್ಜಿ ತಿಂದ. ಸಂಜೆಗೆ ಗ್ಲೂಕೋಸ್ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ. ಆರು ದಿನವೂ ಅವನ ಮುಖ ನಾವು ಮತ್ತೆ ನೋಡಲಿಲ್ಲ.

“ದುಭಾಷಿ ಇಲ್ದಿದ್ರೇನಂತೆ, ಮೇಷ್ಟ್ರು ಅವ್ರಲ್ಲ” ಅಂದಳು ಅಧ್ಯಕ್ಷೆ. ಕಮ್ಚಟ್ಕಮ್ಮನಿಗೆ ಸ್ವಲ್ಪ ಇಂಗ್ಲಿಷು ಬರುತ್ತಿತ್ತು, ನನಗೂ ಸ್ವಲ್ಪ. ಆದರೆ ಅವರಿಗೆ ಬರುವ ಸ್ವಲ್ಪವೇ ಬೇರೆ, ನನಗೆ ಬರುವ ಸ್ವಲ್ಪವೇ ಬೇರೆ.

ಅಧ್ಯಕ್ಷೆ ಅವರನ್ನು ಇಳಿಸಲು ತನ್ನ ಮನೆಯ ಒಂದು ಕೋಣೆ ಸಿಂಗರಿಸಿದ್ದಳು. ಬಾಗಿಲು ತೆಗೆದರೆ ಒಳಗಿಂದ ಮಂಜು ಹೊರಗೆ ಬಂತು! ಹಿರಿಯೂರಿನ ಐಸ್ ಫ್ಯಾಕ್ಟರಿಯಿಂದ ಎಂಟು ದಿಮ್ಮಿ ತರಿಸಿ, ಹೊಟ್ಟು ಹಾಕಿ, ನಾಲ್ಕು ಗೋಡೆಗೂ ಒರಗಿಸಿದ್ದಾಳೆ. ಕಿಟಕಿಗೆ ಒದ್ದೆ ಗೋಣಿಚೀಲ.

“ಇದೇನಮ್ಮ?” ಅಂದೆ.

“ಕರಗಿ ಹೋಗ್ತಾರೆ ಅಂತ ನೀವೇ ಹೇಳಿದ್ರಲ್ಲ ಸಾರ್. ಬಂದ ಅತಿಥಿನ ಕರಗಾಕೆ ಬಿಡಾಕಾಯ್ತದಾ?”

ಕಮ್ಚಟ್ಕಮ್ಮ ಒಂದು ಗಳಿಗೆ ಆ ದಿಮ್ಮಿಗಳನ್ನು ನೋಡಿದರು. ಇದು ನಮ್ಮ ಕಡೆಯ ಮರ್ಯಾದೆ ಇರಬೇಕು ಅಂದುಕೊಂಡರೋ ಏನೋ, ಕೈ ಮುಗಿದು ಒಳಗೆ ಹೋದರು. ಬೆಳಿಗ್ಗೆ ನೋಡಿದರೆ ಮೂಗು ಕೆಂಪಗೆ, ಸೀನಿನ ಮೇಲೆ ಸೀನು. ನನ್ನನ್ನು ಪಕ್ಕಕ್ಕೆ ಕರೆದು, ನಿಧಾನವಾಗಿ, ಒಂದೊಂದೇ ಪದ ಹುಡುಕಿ ಹೇಳಿದರು. ಎಂಟು ತಿಂಗಳು ಹಿಮ ನೋಡಿ ಸಾಕಾಗಿ, ಸ್ವಲ್ಪ ಬಿಸಿಲು ಸಿಗಲಿ ಅಂತ ನಾಲ್ಕು ವಿಮಾನ ಬದಲಿಸಿ ಬಂದಿದ್ದೀನಿ. ದಯಮಾಡಿ ನನ್ನನ್ನು ಕೋಳಿ ಮಲಗಿಸುವ ಜಾಗದಲ್ಲಾದರೂ ಮಲಗಿಸಿ.

ಅವತ್ತಿನಿಂದ ದಿನಾ ಮಧ್ಯಾಹ್ನ ನಾವೆಲ್ಲ ನೆರಳಿಗೆ ಓಡುವ ಹೊತ್ತಿಗೆ ಅವರು ಊರ ಹಿಂದಿನ ಬಂಡೆಯ ಮೇಲೆ ಹಪ್ಪಳದಂತೆ ಮಲಗಿರುತ್ತಿದ್ದರು. ಅಧ್ಯಕ್ಷೆ ದೂರದಲ್ಲಿ ಬಿಂದಿಗೆ ನೀರು ಹಿಡಿದು ಕಾಯುತ್ತಿದ್ದಳು. “ಇನ್ನೂ ಕರಗಿಲ್ಲ ಸಾರ್” ಅಂತ ಗಂಟೆಗೊಂದು ಸಲ ಫೋನು ಮಾಡುತ್ತಿದ್ದಳು.

೪. ಬೂದಿ ಬೀಳುವ ಹೊತ್ತು

ಎರಡನೇ ದಿನ ಮಧ್ಯಾಹ್ನ ಅಧ್ಯಕ್ಷೆಯ ಮನೆಯಲ್ಲಿ ಊಟಕ್ಕೆ ಕುಂತಿದ್ದೆವು. ಗುಡ್ಡದ ಆಚೆ ಕಲ್ಲು ಕ್ವಾರಿ ಇದೆ. ಬಂಡೆ ಸಿಡಿಸುವ ಮುಂಚೆ ಸೈರನ್ ಹೊಡೆಯುತ್ತಾರೆ, ಆಮೇಲೆ ಢಮ್ ಅಂತ ಸದ್ದು, ಸ್ವಲ್ಪ ಧೂಳು. ನಮಗಾದರೆ ಅದು ಗಡಿಯಾರದ ಗಂಟೆ ಇದ್ದಂಗೆ, ತಲೆ ಎತ್ತುವುದಿಲ್ಲ.

ಸದ್ದಾಯಿತು, ಗುಡ್ಡದ ಮೇಲೆ ಬೂದು ಧೂಳು ಎದ್ದಿತು. ಕಮ್ಚಟ್ಕಮ್ಮ ಅದನ್ನು ಒಮ್ಮೆ ನೋಡಿದರು. ಗಾಬರಿ ಇಲ್ಲ, ಕೂಗಾಟ ಇಲ್ಲ. ಕೈ ತೊಳೆದರು, ಅಂಗಳಕ್ಕೆ ಹೋಗಿ ತಂತಿಯ ಮೇಲಿನ ಬಟ್ಟೆಯನ್ನೆಲ್ಲ ಬಾಚಿ ತಂದರು, ಕಿಟಕಿ ಮುಚ್ಚಿದರು, ನೀರಿನ ಕೊಡಕ್ಕೆ ತಟ್ಟೆ ಮುಚ್ಚಿದರು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದು ಮತ್ತೆ ಮುದ್ದೆ ಮುಂದೆ ಕುಂತರು. ಬೂದಿ ಬೀಳುವ ದಿನ ಅವರ ಮನೆಯಲ್ಲಿ ಹಾಗೇ ಮಾಡುತ್ತಾರಂತೆ.

ಹೊಗೆ ನೋಡಿ ಬಟ್ಟೆ ಎತ್ತುವುದು ನಾನು ಕಟ್ಟಿದ ಕತೆ. ಅದು ಹೇಗೆ ನಿಜವಾಯಿತು? ಅಧ್ಯಕ್ಷೆ ನೋಟ್ ಬುಕ್ ತೆಗೆದು ಅಲ್ಲೇ ಒಂದು ರೈಟ್ ಗುರುತು ಹಾಕಿದಳು.

ಅವಳ ಅತ್ತೆ ಮಾತ್ರ ಅಂಗಳದಲ್ಲಿ ನಿಂತು ಗೊಣಗುತ್ತಿದ್ದರು. “ಸೊಸೆ ಬಂದು ಹದಿನೈದು ವರ್ಷ ಆತು. ಒಂದು ದಿನಾನಾದ್ರೂ ಹೇಳದಂಗೆ ಬಟ್ಟೆ ಎತ್ತಿದ್ದು ನಾನು ನೋಡ್ಲಿಲ್ಲ. ಬೆಂಕಿ ಬೆಟ್ಟದ ಪಕ್ಕ ಹೆಣ್ಣು ತರಬೇಕಾಗಿತ್ತು.”

೫. ಮೇಷ್ಟ್ರು ಅಡ್ಡ

ಮೂರನೇ ದಿನ ಕುರಿ ಹಟ್ಟಿಗೆ ಕರೆದುಕೊಂಡು ಹೋದೆವು. ಅಲ್ಲಿನ ಯಜಮಾನರಿಗೆ ಎಪ್ಪತ್ತು ದಾಟಿದೆ. ಹೆಗಲ ಮೇಲೆ ಕಂಬಳಿ, ಬಾಯಲ್ಲಿ ಎಲೆ ಅಡಿಕೆ. ಓದಿಲ್ಲ, ಬರೆದಿಲ್ಲ, ಕನ್ನಡ ಬಿಟ್ಟರೆ ಬೇರೆ ಮಾತಿಲ್ಲ. ನಾನು ಇಬ್ಬರ ನಡುವೆ ಗಂಟಲು ಸರಿಮಾಡಿಕೊಂಡು ನಿಂತೆ.

ಯಜಮಾನರು ಒಂದು ಕುರಿ ಹಿಡಿದು ಅದರ ಕಿವಿ ಮಡಚಿ ತೋರಿಸಿದರು. ಕಿವಿಯ ಅಂಚಿನಲ್ಲಿ ಸಣ್ಣದೊಂದು ಕಚ್ಚು. ನಮ್ಮ ಕಡೆ ಯಾರ ಕುರಿ ಅಂತ ಗೊತ್ತಾಗಲು ಒಂದೊಂದು ಮನೆಯವರು ಒಂದೊಂದು ಥರ ಕಿವಿ ಕಚ್ಚು ಮಾಡುತ್ತಾರೆ. ಕಮ್ಚಟ್ಕಮ್ಮನ ಮುಖ ಅರಳಿತು. ಕಡ್ಡಿ ತಗೊಂಡು ಮಣ್ಣಿನ ಮೇಲೆ ಒಂದು ಉದ್ದ ಕಿವಿ ಬರೆದು, ತಮ್ಮ ಮನೆಯ ಕಚ್ಚು ತೋರಿಸಿದರು. ಯಜಮಾನರು ಕುಕ್ಕರಗಾಲಲ್ಲಿ ಕುಂತರು. ಇವರು ಗೀಚುವುದು, ಅವರು ಅಳಿಸುವುದು, ಇವರು ತಮ್ಮ ಮಾತಲ್ಲಿ, ಅವರು ನಮ್ಮ ಮಾತಲ್ಲಿ. ಎರಡು ಗಂಟೆ ಹೊತ್ತು! ಮಧ್ಯೆ ಇಬ್ಬರೂ ಹೊಟ್ಟೆ ಹಿಡಿದು ನಗುತ್ತಾರೆ, ನನಗೆ ಒಂದಕ್ಷರ ತಿಳಿಯದು.

“ಯಜಮಾನ್ರೇ, ಏನಂತಾರೆ?” ಅಂದೆ.

“ತಡೀರಿ ಮೇಷ್ಟ್ರೇ, ಅಡ್ಡ ಬರಬ್ಯಾಡ್ರಿ. ಇವರ ಚಿಕ್ಕಪ್ಪ ಪಕ್ಕದೋರ ಎರಡು ಸಾರಂಗ ಕದ್ದು, ಕಿವಿನ ಇನ್ನೊಂದ್ ಚೂರು ಕೊಯ್ದು, ನಂದೇ ಅಂದನಂತೆ. ಸಿಕ್ಕಿಹಾಕ್ಕಂಡನಂತೆ.”

ನನಗೆ ನಂಬಿಕೆ ಬರಲಿಲ್ಲ. ಕಮ್ಚಟ್ಕಮ್ಮನನ್ನು ಇಂಗ್ಲಿಷಿನಲ್ಲಿ ಕೇಳಿದರೆ ಹೌದು, ಚಿಕ್ಕಪ್ಪ, ಎರಡು ಸಾರಂಗ, ಅದೇ ಕತೆ! “ನಿಮ್ಗೆ ಅವರ ಮಾತು ಹೆಂಗೆ ತಿಳೀತು ಯಜಮಾನ್ರೇ?”

“ಮಾತು ಯಾಕೆ ತಿಳೀಬೇಕು? ನಮ್ಮ ಭಾವಮೈದ ಮಾಡಿದ್ದೂ ಅದೇ ಕೆಲಸ.”

೬. ಹಲ್ಲಿ ಇಲ್ಲದ ಸೀಮೆ

ಕಮ್ಚಟ್ಕಮ್ಮನಿಗೆ ಕರಡಿ ಅಂದರೆ ನಾಯಿ ಇದ್ದಂಗೆ. ಮೀನು ಒಣಗಿಸುವ ಗುಡಿಸಲಿಗೆ ಬಂದ ಕರಡಿಯನ್ನು ಬೋಗುಣಿ ಬಡಿದು ಓಡಿಸಿದ್ದನ್ನು ಅವರು ಆಡಿ ತೋರಿಸಿದಾಗ ಊರ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ಕೇಳಿದರು. ಅಂಥವರು ನಾಲ್ಕನೇ ದಿನ ಬೆಳಿಗ್ಗೆ ಬಚ್ಚಲಿನಿಂದ ಕಿಟಾರನೆ ಕಿರುಚಿಕೊಂಡು ಓಡಿ ಬಂದರು. ಹಾವು ಅಂದುಕೊಂಡು ನಾಲ್ಕು ಜನ ದೊಣ್ಣೆ ಹಿಡಿದು ಒಳಕ್ಕೆ ನುಗ್ಗಿದೆವು. ಗೋಡೆಯ ಮೇಲೆ ಹೆಬ್ಬೆರಳುದ್ದದ ಒಂದು ಹಲ್ಲಿ.

ಅವರ ಸೀಮೆಯಲ್ಲಿ ಹಾವಿಲ್ಲ, ಓತಿಕ್ಯಾತ ಇಲ್ಲ, ಹಲ್ಲಿಯೂ ಇಲ್ಲವಂತೆ. ಹುಟ್ಟಿದಾಗಿನಿಂದ ಅವರು ಹಲ್ಲಿ ಕಂಡಿಲ್ಲ. ಇದನ್ನು ನಾನು ಕನ್ನಡದಲ್ಲಿ ಹೇಳಿದಾಗ ಅಧ್ಯಕ್ಷೆಯ ಅತ್ತೆ ನಂಬಲೇ ಇಲ್ಲ. ನಮ್ಮ ಕಡೆ ಒಬ್ಬರು ಮಾತಾಡುವಾಗ ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯ ಅಂತ ಲೆಕ್ಕ.

“ಹಲ್ಲಿನೇ ಇಲ್ವಾ? ಮತ್ತೆ ಯಾರ ಮಾತು ಖರೆ, ಯಾರ ಮಾತು ಸುಳ್ಳು ಅಂತ ಅಲ್ಲಿ ಹೆಂಗೆ ತಿಳ್ಕಂತಾರೆ?” ಅಂತ ಅತ್ತೆ ಕೆನ್ನೆ ಮೇಲೆ ಕೈ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿ, “ಮೇಷ್ಟ್ರೇ, ನಿಮ್ಮಂಥೋರಿಗೆ ಅದೇ ಸರಿಯಾದ ಊರು ಬಿಡ್ರಿ” ಅಂದರು.

ಅವರಿಗೆ ಏನಾದರೂ ವಾಸನೆ ಹತ್ತಿತ್ತೋ, ಸುಮ್ಮನೆ ಅಂದರೋ, ಇವತ್ತಿಗೂ ಗೊತ್ತಿಲ್ಲ.

೭. ತಪ್ಪೊಪ್ಪಿಗೆ

ಸಭೆಗೆ ಒಂದೇ ದಿನ ಬಾಕಿ. ಶಾಮಿಯಾನದ ಗಳಗಳು ಶಾಲೆ ಬಯಲಿನಲ್ಲಿ ಆಗಲೇ ಬಂದು ಬಿದ್ದಿದ್ದವು. ಇನ್ನು ತಡೆಯಲಾರೆ, ಕಮ್ಚಟ್ಕಮ್ಮನ ಕಾಲಿಗೇ ಬೀಳೋಣ ಅಂತ, ಶಾಲೆ ಬಿಟ್ಟ ಮೇಲೆ ಅವರನ್ನು ವರಾಂಡದ ಬೆಂಚಿನ ಮೇಲೆ ಕೂರಿಸಿದೆ.

ನನಗೆ ಬರುವ ಇಂಗ್ಲಿಷನ್ನೆಲ್ಲ ಗುಡ್ಡೆ ಹಾಕಿ ಹೇಳಿದೆ. ನಾನು ಕೆಟ್ಟ ಮೇಷ್ಟ್ರು. ನಿಮ್ಮ ಸೀಮೆ ನೋಡಿಲ್ಲ. ಮಕ್ಕಳಿಗೆ ಇಪ್ಪತ್ತನಾಲ್ಕು ವರ್ಷದಿಂದ ಸುಳ್ಳು ಹೇಳಿದ್ದೀನಿ. ನಾಳೆ ಊರ ಮುಂದೆ ಕೇಳ್ತಾರೆ. ನೀವು ಎಲ್ಲದಕ್ಕೂ ಹೌದು ಅನ್ನಬೇಕು, ಇಲ್ಲದಿದ್ದರೆ ನಾನು ಈ ಊರಲ್ಲಿ ತಲೆ ಎತ್ತುವಂಗಿಲ್ಲ.

“ಯಾವ ಸುಳ್ಳು?” ಅಂದರು.

ದೊಡ್ಡದರಿಂದಲೇ ಶುರುಮಾಡಿದೆ. ಜನ ಸೂರಿನಿಂದ ಏಣಿ ಇಳಿದು ಮನೆಯೊಳಕ್ಕೆ ಬರ್ತಾರೆ ಅಂದುಬಿಟ್ಟಿದ್ದೀನಿ.

ಅವರು ಅಚ್ಚರಿಯಿಂದ ನನ್ನ ಮುಖ ನೋಡಿದರು. ಅದು ಸುಳ್ಳಲ್ಲ! ಅಜ್ಜಿಯ ಅಜ್ಜಿ ಕಾಲದಲ್ಲಿ ಮನೆ ಅರ್ಧ ನೆಲದೊಳಗೆ ಇರುತ್ತಿತ್ತು, ಹೊಗೆ ಹೋಗುವ ಕಂಡಿಯಿಂದಲೇ ಏಣಿ ಇಳಿಯುತ್ತಿದ್ದರು. ಬುಗ್ಗೆಯ ನೀರು? ಅದರಲ್ಲಿ ಮೊಟ್ಟೆ ಬೇಯಿಸ್ತೀವಲ್ಲ. ಕರಡಿ ಸಾಲು? ಮೀನು ಹೊಳೆ ಹತ್ತುವ ಕಾಲಕ್ಕೆ ಬಂದು ನೋಡು.

ನಾನು ಇಷ್ಟು ವರ್ಷ ಹೇಳಿದ ಸುಳ್ಳೆಲ್ಲ ನಿಜವಾದರೆ ನಾನು ಸುಳ್ಳುಗಾರನೋ ಅಲ್ಲವೋ? ಒಂದು ಸಮಾಧಾನಕ್ಕೆ, “ಅಲ್ಲಿ ಯಾರೂ ಬೇಸಾಯ ಮಾಡಲ್ಲ, ಇದೊಂದು ಮಾತ್ರ ಪುಸ್ತಕದಲ್ಲಿ ಓದಿ ಹೇಳಿದ ಸತ್ಯ” ಅಂದೆ. ಅವರ ಮುಖ ಕೆಂಪಾಯಿತು. ಯಾವನು ಬರೆದಿದ್ದು? ನನ್ನ ಹಿತ್ತಲ ಆಲೂಗಡ್ಡೆ, ಎಲೆಕೋಸು ಅವನ ಕಣ್ಣಿಗೆ ಕಾಣಲಿಲ್ಲವಾ ಅಂತ ಎದ್ದೇ ನಿಂತರು.

ಆಮೇಲೆ ತಣ್ಣಗಾಗಿ ಕುಂತು, ಕೈಚೀಲದಿಂದ ಒಂದು ಮಡಚಿದ ಹಾಳೆ ತೆಗೆದರು. ಎರಡು ಕೈಯಿಂದ ನನ್ನ ಕೈ ಹಿಡಿದುಕೊಂಡರು. “ನೀನು ಮೇಷ್ಟ್ರು. ನಾನೂ ಮೇಷ್ಟ್ರು. ನಿನ್ನ ಮಾತು ನಾನು ಉಳಿಸ್ತೀನಿ, ನನ್ನ ಮಾತು ನೀನು ಉಳಿಸು.”

ಸಾರಂಗ ಸಾಕುವವರ ಒಂದು ಹಳ್ಳಿಯಲ್ಲಿ ಅವರದು ಮೂವತ್ತು ವರ್ಷದ ಮೇಷ್ಟರಿಕೆಯಂತೆ. ಹನ್ನೊಂದು ಮಕ್ಕಳು, ಎಲ್ಲ ಪಾಠವೂ ಇವರದೇ. ಭಾರತದ ಪಾಠವೂ. ಒಂದು ಕ್ಯಾಲೆಂಡರಿನ ಚಿತ್ರ ಬಿಟ್ಟರೆ ಇವರು ಭಾರತ ಕಂಡವರಲ್ಲ. ಹೊರಡುವಾಗ ಮಕ್ಕಳು, ಟೀಚರ್ ನೀವು ಹೇಳಿದ್ದೆಲ್ಲ ನೋಡಿ ವಿಡಿಯೋ ಮಾಡಿಕೊಂಡು ಬನ್ನಿ ಅಂತ ಪಟ್ಟಿ ಕೊಟ್ಟಿದ್ದಾರೆ. ಬಂದ ದಿನದಿಂದ ಇವರಿಗೂ ನಿದ್ದೆ ಇಲ್ಲ!

ಪಟ್ಟಿ ಓದಿದರು. ಭಾರತದಲ್ಲಿ ದನ ಮನೆಯೊಳಗೇ ಮಲಗುತ್ತವೆ. ಹೌದು, ಅಧ್ಯಕ್ಷೆ ಮನೆಯಲ್ಲೇ ನೋಡಿದಿರಲ್ಲ ಅಂದೆ. ಹೆಂಗಸರು ದಿನಾ ಬೆಳಿಗ್ಗೆ ಮನೆ ಮುಂದೆ ನೆಲದ ಮೇಲೆ ಚಿತ್ರ ಬರೆಯುತ್ತಾರೆ. ಅದೂ ಹೌದು. ಕೊನೆಯದಕ್ಕೆ ಬಂದಾಗ ದನಿ ಇಳಿಯಿತು. ಅವರು ಚಿಕ್ಕವರಿದ್ದಾಗ ಸಾರಂಗದವರ ಬಿಡಾರಕ್ಕೆ ಮೇಷ್ಟ್ರು ಸಾರಂಗ ಏರಿಯೇ ಬರುತ್ತಿದ್ದರಂತೆ. ಹಂಗಾದ್ರೆ ಭಾರತದ ಮೇಷ್ಟ್ರು ಏನು ಏರಿ ಬರ್ತಾರೆ ಅಂತ ಮಕ್ಕಳು ಕೇಳಿದ್ದಾರೆ. ಇವರು ಕ್ಯಾಲೆಂಡರಿನ ಚಿತ್ರದಲ್ಲಿದ್ದ ಪ್ರಾಣಿ ನೋಡಿ, ಕೋಣ ಅಂದುಬಿಟ್ಟಿದ್ದಾರೆ.

“ಏರ್ತೀರಿ ತಾನೇ?” ಅಂದರು. ಕಣ್ಣಲ್ಲಿ ನೀರೊಂದು ಬಾಕಿ.

ಇಷ್ಟು ದಿನ ನಾನು ಪಟ್ಟ ಸಂಕಟವೇ ಆ ಮುಖದಲ್ಲಿ ಕಂಡಿತು. ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. “ದಿನಾ ಏರ್ತೀವಿ” ಅಂದೆ.

೮. ಎಲೆಕೋಸಿನ ಸಭೆ

ಸಭೆಗೆ ಊರಿಗೆ ಊರೇ ಬಂದಿತ್ತು. ಅಧ್ಯಕ್ಷೆ ನೋಟ್ ಬುಕ್ ಹಿಡಿದು ಮೈಕಿನ ಮುಂದೆ ನಿಂತಳು. ಏಣಿ ಕೇಳಿದಳು, ಕಮ್ಚಟ್ಕಮ್ಮ ತಲೆ ಆಡಿಸಿದರು, ಚಪ್ಪಾಳೆ. ಬುಗ್ಗೆ ಕೇಳಿದಳು, ತಲೆ ಆಡಿಸಿದರು, ಚಪ್ಪಾಳೆ. ಕರಡಿ ಸಾಲಿಗೆ ಹುಡುಗರು ಶಿಳ್ಳೆಯನ್ನೇ ಹೊಡೆದರು. ನಾನು ನಿಧಾನವಾಗಿ ಎದೆ ಉಬ್ಬಿಸತೊಡಗಿದೆ.

“ಅಲ್ಲಿ ಬೇಸಾಯ ಅಂಬೋದೇ ಇಲ್ವಂತೆ?” ಅಂದಳು.

ನಾನು ಅನುವಾದ ಮಾಡದೆ ನುಂಗಿಬಿಡಬಹುದಿತ್ತು. ಬಾಯಿ ಕೇಳಬೇಕಲ್ಲ! ಹೇಳಿಯೇಬಿಟ್ಟೆ. ಕಮ್ಚಟ್ಕಮ್ಮ ಒಪ್ಪಂದ ಗಿಪ್ಪಂದ ಮರೆತು ದಢಾರನೆ ಎದ್ದರು. ಫೋನು ತೆಗೆದು, ಮಗುವನ್ನು ಎತ್ತಿಕೊಂಡಂತೆ ದೊಡ್ಡ ಎಲೆಕೋಸು ಎತ್ತಿಕೊಂಡು ನಿಂತ ತಮ್ಮ ಫೋಟೋವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ತೋರಿಸಿಕೊಂಡು ಬಂದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ.

“ಸಾರ್?” ಅಂದಳು ಅಧ್ಯಕ್ಷೆ.

“ಅದು... ಅದು ಗೈಡಿನಾಗೆ ಇತ್ತಮ್ಮ. ನಾನು ಹೇಳಿದ್ದಲ್ಲ” ಅಂದೆ.

ಅಧ್ಯಕ್ಷೆ ಮೈಕನ್ನು ಬಾಯಿಗೆ ತಾಗಿಸಿಕೊಂಡು ಕೂಗಿದಳು. “ಕೇಳಿದ್ರಾ ಎಲ್ರೂ? ಪುಸ್ತಕದಾಗೆ ಇರೋದು ಸುಳ್ಳು. ನಮ್ಮ ಮೇಷ್ಟ್ರ ಬಾಯಾಗೆ ಬಂದಿದ್ದೇ ಖರೆ!”

ಚಪ್ಪಾಳೆಯೋ ಚಪ್ಪಾಳೆ. ನನಗೂ ಒಂದು ಶಾಲು, ಜರಿ ಪೇಟ ತೊಡಿಸಿದರು. ಹೆಡ್ ಮೇಷ್ಟ್ರು ಕಿವಿಯಲ್ಲಿ, “ಇನ್ನು ಮೇಲೆ ಗೈಡು ಓದಬ್ಯಾಡ್ರಿ” ಅಂದರು.

೯. ವಾಹನ ಯೋಗ

ನನ್ನ ಮಾತು ಉಳಿಯಿತು. ಇನ್ನು ಅವರ ಮಾತು ಉಳಿಸಬೇಕಿತ್ತು. ಮರುದಿನ ಬೆಳಿಗ್ಗೆ, ಅವರು ಹೊರಡುವ ಮುಂಚೆ, ಒಬ್ಬ ರೈತರ ಮನೆಯ ಕೋಣ ತರಿಸಿದೆವು. ಕರ್ರಗೆ, ಬಂಡೆಯಂಗೆ ಇತ್ತು, ಸ್ವಭಾವ ಮಾತ್ರ ಸಾಧು. ನಾನು ಬಿಳೀ ಪಂಚೆ ಉಟ್ಟು ಬಂದೆ. ಮಕ್ಕಳಿಗೆ ಚೆನ್ನಾಗಿ ಕಾಣಬೇಕು ಅಂತ ಕಮ್ಚಟ್ಕಮ್ಮ ಸನ್ಮಾನದ ಶಾಲು, ಜರಿ ಪೇಟ ಎರಡನ್ನೂ ತೊಡಿಸಿದರು. ನನ್ನ ಮೀಸೆ ಮೊದಲೇ ಸ್ವಲ್ಪ ದಪ್ಪ. ಕುರಿ ಹಟ್ಟಿಯ ಯಜಮಾನರು ಹಗ್ಗವನ್ನು ನನ್ನ ಕೈಗೆ ಕೊಟ್ಟು, “ಗಟ್ಟಿಯಾಗಿ ಹಿಡ್ಕಳ್ರಿ, ಬಿದ್ರೆ ನಗ್ತಾರೆ” ಅಂದರು. ಬೀಳದಿದ್ದರೂ ನಗುವವರು ಬೀದಿಯ ಎರಡೂ ಕಡೆ ಬಂದು ನಿಂತಿದ್ದರು. ನನ್ನ ಹೆಂಡತಿ ಮಾತ್ರ ಬಾಗಿಲು ಹಾಕಿಕೊಂಡು ಒಳಗೇ ಉಳಿದಳು.

ಕಮ್ಚಟ್ಕಮ್ಮ ಫೋನು ಹಿಡಿದು ಹಿಮ್ಮುಖವಾಗಿ ನಡೆಯುತ್ತಿದ್ದರು. ಕೋಣ ಗಂಭೀರವಾಗಿ ಹೆಜ್ಜೆ ಹಾಕಿತು. ಎರಡು ಬೀದಿ ದಾಟುವವರೆಗೂ ಒಂದು ತೊಡಕಿಲ್ಲ. ಮೂರನೇ ಬೀದಿಯ ತಿರುವಿನಲ್ಲಿ ಅದು ಏನನ್ನೋ ಮೂಸಿ ಗಕ್ಕನೆ ನಿಂತಿತು. ನಿಂತದ್ದು ಒಂದು ಜಗಲಿಯ ಮುಂದೆ. ಜಗಲಿಯ ಮೇಲೆ ಜ್ವರದಿಂದ ಆಗತಾನೇ ಚೇತರಿಸಿಕೊಂಡ ಒಂದು ಹಣ್ಣುಹಣ್ಣು ಮುದುಕಿ ಬಿಸಿಲು ಕಾಯಿಸುತ್ತಾ ಕುಂತಿತ್ತು. ತಲೆ ಎತ್ತಿ ನೋಡಿತು. ಕರಿ ಕೋಣ. ಮೇಲೆ ಕಿರೀಟದಂಥ ಜರಿ ಪೇಟ, ದಪ್ಪ ಮೀಸೆ, ಕೈಯಲ್ಲಿ ಹಗ್ಗ.

ಅಜ್ಜಿ ಹೆದರಲಿಲ್ಲ. ನಿಧಾನವಾಗಿ ಕೈ ಜೋಡಿಸಿತು.

“ಬಂದ್ಯಾ ನನ್ನಪ್ಪಾ, ಯಮಧರ್ಮರಾಯ? ಬಾ. ಆದ್ರೆ ಇವತ್ತು ಆಗಾಕಿಲ್ಲ ಕಣಪ್ಪ. ಮೊಮ್ಮಗಳು ಹೆರಿಗೆಗೆ ಬಂದವಳೆ, ಬಾಣಂತನ ನಾನೇ ಮಾಡ್ಬೇಕು.” ಸ್ವಲ್ಪ ಯೋಚಿಸಿ, ಪಕ್ಕದ ಜಗಲಿಯ ಕಡೆ ಬೆರಳು ಮಾಡಿತು. “ಇಷ್ಟು ದೂರ ಬಂದೀಯ, ಬರಿಗೈಲಿ ಹೋಗಬ್ಯಾಡ. ಆ ಮನೆ ಮುದುಕನ್ನ ಕೇಳ್ ನೋಡು, ಅವನಿಗೆ ಏನೂ ಕೆಲಸ ಇಲ್ಲ.”

ಪಕ್ಕದ ಜಗಲಿಯ ಮೇಲೆ ಬೀಡಿ ಸೇದುತ್ತಾ ಕುಂತಿದ್ದ ಮುದುಕ ನನ್ನನ್ನು ನೋಡಿದ, ಕೋಣ ನೋಡಿದ, ಹಗ್ಗ ನೋಡಿದ. ಬೀಡಿ ಬಿಸಾಕಿ, ಪಂಚೆ ಎತ್ತಿಕೊಂಡು ಒಂದೇ ನೆಗೆತಕ್ಕೆ ಒಳಗೆ ಹೋಗಿ ಢಬಾರನೆ ಬಾಗಿಲು ಹಾಕಿ ಅಗಳಿ ಜಡಿದುಕೊಂಡ. ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು. ಕಮ್ಚಟ್ಕಮ್ಮನ ಫೋನಿನಲ್ಲಿ ಅಷ್ಟೂ ಬಂತು.

“ಅಜ್ಜಿ ಏನಂದರು?” ಅಂತ ಅವರು ಕೇಳಿದರು.

“ಮೇಷ್ಟ್ರೇ, ಇನ್ನೊಂದು ದಿನ ನಿಧಾನವಾಗಿ ಬನ್ನಿ ಅಂದರು” ಅಂದೆ. ಇದರಲ್ಲಿ ಸುಳ್ಳೇನೂ ಇಲ್ಲವಲ್ಲ.

ಅವರು ಊರಿಗೆ ಹೋಗಿ ಎರಡು ತಿಂಗಳಿಗೆ ಒಂದು ಸಂದೇಶ ಬಂತು. ವಿಡಿಯೋವನ್ನು ಆ ಹನ್ನೊಂದು ಮಕ್ಕಳೂ ದಿನಾ ನೋಡುತ್ತಾರಂತೆ, ಟೀಚರಿನ ಮಾತು ಪೂರಾ ನಿಜ ಅಂತ ಹಳ್ಳಿಯೆಲ್ಲ ಒಪ್ಪಿದೆಯಂತೆ. ಒಂದೇ ಒಂದು ಪ್ರಶ್ನೆ ಉಳಿದಿದೆಯಂತೆ: ಮೇಷ್ಟ್ರು ಬಂದದ್ದು ನೋಡಿ ಆ ತಾತ ಯಾಕೆ ಹಾಗೆ ಓಡಿಹೋಗಿ ಬಾಗಿಲು ಹಾಕಿಕೊಂಡರು?

ತುಂಬ ಹೊತ್ತು ಯೋಚಿಸಿ ಬರೆದೆ: “ಹೋಂವರ್ಕ್ ಮಾಡಿರಲಿಲ್ಲ.”